ಪಾಸ್ ಬೇಡವೆಂದ ಹೆಂಗಸರು: ಪ್ರಿಟೋರಿಯಾ 1956, ಒಂದು ಪ್ರಕರಣ ಅಧ್ಯಯನ

ಒಂದು ಕಾನೂನು ಬರುತ್ತದೆ. ಅದು ಒಂದೇ ಬಣ್ಣದ ಹೆಂಗಸರಿಗೆ ಅನ್ವಯಿಸುತ್ತದೆ. ಉಳಿದವರಿಗೆ ಅದರಿಂದ ಏನೂ ತೊಂದರೆ ಇಲ್ಲ. ಹಾಗಿರುವಾಗ ಆ ಉಳಿದವರು ಯಾಕೆ ಬೀದಿಗೆ ಇಳಿಯಬೇಕು? ಇಳಿದರೂ ಎಷ್ಟು ದಿನ ಜೊತೆಗೆ ನಿಲ್ಲುತ್ತಾರೆ? ಓದುಬರಹ, ದುಡ್ಡು, ಫೋನು, ಕಾರು ಎಲ್ಲ ಇರುವವರು ಬಂದು ಸೇರಿದಾಗ ಅವರೇ ಮುಂದಾಳುಗಳಾಗಿಬಿಟ್ಟರೆ, ನಿಜವಾಗಿ ಏಟು ತಿನ್ನುವವರ ಮಾತು ಯಾರು ಕೇಳುತ್ತಾರೆ?

ದಕ್ಷಿಣ ಆಫ್ರಿಕಾದ ಹೆಂಗಸರು 1950ರ ದಶಕದಲ್ಲಿ ಈ ಮೂರೂ ಪ್ರಶ್ನೆಗಳನ್ನು ಎದುರಿಸಿದರು. 1956ರ ಆಗಸ್ಟ್ 9ರ ಪ್ರಿಟೋರಿಯಾ ಮೆರವಣಿಗೆಯ ಫೋಟೋಗಳನ್ನು ಬಹಳ ಜನ ನೋಡಿದ್ದಾರೆ. ಆದರೆ ಆ ದಿನದ ಹಿಂದೆ ಯಾವ ಯಾವ ತೀರ್ಮಾನಗಳಿದ್ದವು, ಎಲ್ಲಿ ಅವರು ಗೆದ್ದರು, ಎಲ್ಲಿ ಸೋತರು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ಸಂಘಟನೆಯ ಕೆಲಸ ಮಾಡುವವರಿಗೆ ಕಲಿಯಲು ಜಾಸ್ತಿ ಇರುವುದು ಅಲ್ಲೇ ಅಂತ ನನ್ನ ನಂಬಿಕೆ.

ಹೆಸರುಗಳ ಬಗ್ಗೆ ಒಂದು ಮಾತು. ಇತಿಹಾಸದ ದಾಖಲೆಯಲ್ಲಿ ಆಗಲೇ ಇರುವ ಕೆಲವು ನಾಯಕಿಯರ ಹೆಸರುಗಳನ್ನು ಮಾತ್ರ ಇಲ್ಲಿ ಹೇಳಿದ್ದೇನೆ. ಪಾಸ್ ಪುಸ್ತಕ ಸುಟ್ಟವರು, ಜೈಲಿಗೆ ಹೋದವರು, ಸಭೆಯಲ್ಲಿ ಎದ್ದು ನಿಂತು ಮಾತಾಡಿದವರು ಹೆಸರಿಲ್ಲದೆಯೇ ಬರುತ್ತಾರೆ.

ಹಿನ್ನೆಲೆ

ಪಾಸ್ ಅಂದರೆ ಏನು ಅಂತ ಮೊದಲು ತಿಳಿಯಬೇಕು. ಕಪ್ಪು ಜನಾಂಗದ ಗಂಡಸು ಎಲ್ಲಿ ವಾಸಿಸಬಹುದು, ಎಲ್ಲಿ ಕೆಲಸ ಮಾಡಬಹುದು, ಯಾವ ಊರಿನಲ್ಲಿ ಎಷ್ಟು ದಿನ ಇರಬಹುದು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದುದು ಅವನ ಜೇಬಿನಲ್ಲಿದ್ದ ಕಾಗದ. 1952ರಲ್ಲಿ ಸರ್ಕಾರ ಹಳೆಯ ಬಗೆಬಗೆಯ ಪಾಸ್‌ಗಳನ್ನು ತೆಗೆದು ಒಂದೇ 'ರೆಫರೆನ್ಸ್ ಬುಕ್' ತಂದಿತು. ಅದರಲ್ಲಿ ಫೋಟೋ, ತೆರಿಗೆ ಕಟ್ಟಿದ ದಾಖಲೆ, ಊರಿನಲ್ಲಿರಲು ಅನುಮತಿ, ಮಾಲೀಕನ ಸಹಿ ಎಲ್ಲ ಇರಬೇಕಿತ್ತು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಬಂಧನ. ಅದೇ ವರ್ಷ ಬಂದ ಇನ್ನೊಂದು ಕಾನೂನಿನ ಪ್ರಕಾರ, ಹಕ್ಕಿಲ್ಲದ ಆಫ್ರಿಕನ್ನರು ನಗರದಲ್ಲಿ 72 ಗಂಟೆಗಿಂತ ಹೆಚ್ಚು ಇರುವಂತಿರಲಿಲ್ಲ.

ಅಲ್ಲಿಯವರೆಗೆ ಈ ಪುಸ್ತಕದ ಕಾಟ ಹೆಂಗಸರಿಗೆ ಇರಲಿಲ್ಲ. ಅದಕ್ಕೆ ಕಾರಣ ಸರ್ಕಾರದ ಕರುಣೆಯಲ್ಲ. 1913ರಲ್ಲಿ ಬ್ಲೂಮ್‌ಫಾಂಟೇನ್‌ನ ಹೆಂಗಸರು ಪಾಸ್ ಒಯ್ಯುವುದಿಲ್ಲ ಎಂದು ಬೀದಿಗಿಳಿದು ಜೈಲು ಸೇರಿದ್ದರು. ಕೊನೆಗೆ ಸರ್ಕಾರ ಹಿಂದೆ ಸರಿಯಬೇಕಾಯಿತು. ಆ ನೆನಪು ನಲವತ್ತು ವರ್ಷ ಕಳೆದರೂ ಮಾಸಿರಲಿಲ್ಲ.

ಅದೇ 1913ರಲ್ಲಿ, ಅದೇ ದೇಶದಲ್ಲಿ, ಭಾರತೀಯ ಹೆಂಗಸರೂ ಜೈಲಿಗೆ ಹೋಗಿದ್ದರು. ಕ್ರೈಸ್ತ ವಿಧಿಯಲ್ಲಿ ಆಗದ ಮದುವೆಗಳಿಗೆ ಮಾನ್ಯತೆ ಇಲ್ಲ ಎಂಬ ಕೋರ್ಟ್ ತೀರ್ಪು ಬಂದಿತ್ತು. ಹಿಂದೂ ಮತ್ತು ಮುಸ್ಲಿಂ ಹೆಂಡಂದಿರು ಒಂದೇ ಏಟಿಗೆ ಕಾನೂನಿನ ಕಣ್ಣಲ್ಲಿ ಹೆಂಡಂದಿರಲ್ಲ ಎಂದಾಯಿತು. ಕಸ್ತೂರಬಾ ಸತ್ಯಾಗ್ರಹಕ್ಕೆ ಇಳಿದದ್ದು ಆಗಲೇ. ಹದಿಹರೆಯದ ವಳ್ಳಿಯಮ್ಮ ಜೈಲಿನಿಂದ ಹೊರಬಂದು ಸ್ವಲ್ಪ ದಿನಕ್ಕೇ, 1914ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಎರಡು ಹೋರಾಟ, ಒಂದೇ ವರ್ಷ, ಒಂದೇ ಸರ್ಕಾರದ ವಿರುದ್ಧ. ಆದರೂ ಇವರು ಅವರ ಜೊತೆ ಸೇರಲಿಲ್ಲ, ಅವರು ಇವರ ಜೊತೆ ಸೇರಲಿಲ್ಲ. ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಇಬ್ಬರೂ ಒಟ್ಟಿಗೆ ಕೂರುವಂಥ ಒಂದು ಜಾಗ ಇರಲಿಲ್ಲ. ಈ ಪ್ರಕರಣದ ಬೇರು ಇಲ್ಲಿದೆ.

ಒಟ್ಟಿಗೆ ಕೂರುವ ಜಾಗ

ಆ ಜಾಗ ಸಿಕ್ಕಿದ್ದು ಕಾರ್ಖಾನೆಗಳಲ್ಲಿ. ಜೊಹಾನೆಸ್‌ಬರ್ಗ್‌ನ ಗಾರ್ಮೆಂಟ್ಸ್‌ಗಳಲ್ಲಿ ಮೊದಲು ಹಳ್ಳಿಯಿಂದ ಬಂದ ಬಡ ಬಿಳಿಯ ಹುಡುಗಿಯರು ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ಆಮೇಲೆ ಮಿಶ್ರ ಜನಾಂಗದವರು, ಅಂದರೆ ಅಲ್ಲಿ 'ಕಲರ್ಡ್' ಅಂತ ಕರೆಯುವವರು ಬಂದರು. ನಂತರ ಕಪ್ಪು ಹೆಂಗಸರೂ ಬಂದರು.

ಇಲ್ಲಿ ಕಾನೂನಿನ ಒಂದು ಸಂದು ಬಹಳ ಮುಖ್ಯವಾಯಿತು. ಪಾಸ್ ಒಯ್ಯುವ ಆಫ್ರಿಕನ್ನರನ್ನು ಕಾರ್ಮಿಕ ಕಾಯ್ದೆ 'ನೌಕರ' ಎಂದು ಒಪ್ಪುತ್ತಿರಲಿಲ್ಲ. ಹಾಗಾಗಿ ಅವರು ನೋಂದಾಯಿತ ಯೂನಿಯನ್ ಸೇರುವಂತಿರಲಿಲ್ಲ. ಆದರೆ ಹೆಂಗಸರು ಪಾಸ್ ಒಯ್ಯುತ್ತಿರಲಿಲ್ಲವಲ್ಲ! 1940ರ ದಶಕದಲ್ಲಿ ಗಾರ್ಮೆಂಟ್ ಯೂನಿಯನ್ ಇದೇ ವಾದ ಹಿಡಿದು ಕೋರ್ಟಿಗೆ ಹೋಗಿ ಗೆದ್ದಿತು. ಕಪ್ಪು ಹೆಂಗಸರು ಯೂನಿಯನ್ನಿನ ಪೂರ್ಣ ಸದಸ್ಯರಾದರು. ಅವರ ಗಂಡಂದಿರಿಗೆ ಇಲ್ಲದ ಹಕ್ಕು ಅದು. 1953ರಲ್ಲಿ ಸರ್ಕಾರ ಹೊಸ ಕಾಯ್ದೆ ತಂದು ಆ ಬಾಗಿಲನ್ನೂ ಮುಚ್ಚಿತು.

ಯೂನಿಯನ್ ಒಳಗೇನು ಸ್ವರ್ಗ ಇರಲಿಲ್ಲ. ಬಣ್ಣದ ಪ್ರಕಾರ ಬೇರೆ ಬೇರೆ ಶಾಖೆಗಳಿದ್ದವು. ಆದರೂ ಒಂದೇ ಕೂಲಿಗಾಗಿ, ಒಂದೇ ಮಾಲೀಕನ ಎದುರು ಚೌಕಾಸಿ ಮಾಡಿದ ಅನುಭವ ಅಲ್ಲಿತ್ತು. ಮುಂದೆ ಈ ಹೋರಾಟದ ಮುಖವಾದ ಲಿಲಿಯನ್ ಎಂಗೋಯಿ ಅದೇ ಯೂನಿಯನ್ನಿನ ಹೊಲಿಗೆ ಕೆಲಸದವರು. ಹೆಲನ್ ಜೋಸೆಫ್ ಅದೇ ಉದ್ಯಮದ ವೈದ್ಯಕೀಯ ನೆರವು ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಜೋಸೆಫ್ ಇಂಗ್ಲೆಂಡಿನವರು. ದಕ್ಷಿಣ ಆಫ್ರಿಕಾಕ್ಕೆ ಬರುವ ಮುಂಚೆ ನಮ್ಮ ಪಕ್ಕದ ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದ್ದರು. ಕೇಪ್ ಕಡೆ ಹಣ್ಣು, ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಕಲರ್ಡ್ ಮತ್ತು ಕಪ್ಪು ಹೆಂಗಸರು ಜೊತೆಯಾಗಿ ದುಡಿಯುತ್ತಿದ್ದರು. ಅಲ್ಲಿ ಯೂನಿಯನ್ ಕಟ್ಟಿದವರು ಲಾಟ್ವಿಯಾದಿಂದ ಬಂದ ರೇ ಅಲೆಕ್ಸಾಂಡರ್. ಆ ಯೂನಿಯನ್ನಿನಲ್ಲಿ ಪಳಗಿದವರು ಭಾರತೀಯ ಸಮುದಾಯದ ರಹೀಮಾ ಮೂಸಾ. ಪೋರ್ಟ್ ಎಲಿಜಬೆತ್‌ನ ಜವಳಿ ಕಾರ್ಮಿಕರ ನಡುವಿನಿಂದ ಬಂದವಳು ಸೋಫಿಯಾ ವಿಲಿಯಮ್ಸ್, ಕಲರ್ಡ್ ಹುಡುಗಿ. 1956ರಲ್ಲಿ ಅವಳಿಗೆ ಹದಿನೆಂಟು.

ಈ ಐವರೂ ಬಂದದ್ದು ಕಾರ್ಮಿಕ ಸಂಘಟನೆಗಳ ಕಡೆಯಿಂದ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಬೇರೆ ಬೇರೆ ಬಣ್ಣದ ಹೆಂಗಸರು ಸ್ನೇಹದ ಭಾವನೆಯಿಂದ ಒಂದು ದಿನ ಕೈಹಿಡಿದರು ಅಂತ ಈ ಕಥೆಯನ್ನು ಹೇಳುವವರಿದ್ದಾರೆ. ಹಾಗಾಗಲಿಲ್ಲ. ಲೆಕ್ಕ ಬರೆಯುವುದು, ಚಂದಾ ಎತ್ತುವುದು, ಸಭೆ ಕರೆಯುವುದು, ಮಾಲೀಕನ ಎದುರು ಮಾತಾಡುವುದು, ಇವೆಲ್ಲ ಅವರಿಗೆ ಮೊದಲೇ ಬರುತ್ತಿತ್ತು.

1954ರ ಏಪ್ರಿಲ್ 17ರಂದು ಜೊಹಾನೆಸ್‌ಬರ್ಗ್‌ನ ಟ್ರೇಡ್ಸ್ ಹಾಲ್‌ನಲ್ಲಿ 'ದಕ್ಷಿಣ ಆಫ್ರಿಕಾ ಮಹಿಳೆಯರ ಒಕ್ಕೂಟ' ಹುಟ್ಟಿತು. ಬಂದ ಪ್ರತಿನಿಧಿಗಳು 146. ಮಹಿಳಾ ಸನ್ನದು ಎಂಬ ದಾಖಲೆಯನ್ನು ಅಲ್ಲಿ ಒಪ್ಪಿದರು. ಅದರಲ್ಲಿ ಪಾಸ್ ಒಂದೇ ವಿಷಯವಲ್ಲ. ಮತದಾನ, ಸಮಾನ ಕೂಲಿ, ಮದುವೆಯಲ್ಲೂ ಆಸ್ತಿಯಲ್ಲೂ ಮಕ್ಕಳ ಮೇಲೂ ಗಂಡಸರಷ್ಟೇ ಹಕ್ಕು, ಹೆರಿಗೆ ಆಸ್ಪತ್ರೆ, ಶಿಶುವಿಹಾರ ಎಲ್ಲವೂ ಇತ್ತು. ತಮ್ಮ ಮನೆಯ ಗಂಡಸರ ಧೋರಣೆಯೂ ಬದಲಾಗಬೇಕು ಎಂದು ಅದು ಬಿಡಿಸಿ ಹೇಳಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಮೊದಲ ತೀರ್ಮಾನ: ಸದಸ್ಯತ್ವ ಯಾರಿಗೆ?

ಒಕ್ಕೂಟದಲ್ಲಿ ಪ್ರತಿಯೊಬ್ಬ ಹೆಂಗಸೂ ನೇರವಾಗಿ ಸದಸ್ಯಳಾಗಬೇಕೇ, ಇಲ್ಲವೇ ಸಂಘಟನೆಗಳು ಮಾತ್ರ ಸೇರಬೇಕೇ ಎಂಬ ಪ್ರಶ್ನೆ ಶುರುವಿನಲ್ಲೇ ಎದ್ದಿತು. ನೇರ ಸದಸ್ಯತ್ವ ಬೇಕು ಎಂದವರಿದ್ದರು. ಕಪ್ಪು ಜನರ ಮುಖ್ಯ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಒಪ್ಪಲಿಲ್ಲ. ತನ್ನ ಮಹಿಳಾ ಘಟಕದಿಂದ ಜನ ಹೊರಟುಹೋಗುತ್ತಾರೆ ಎಂಬ ಭಯ ಅದಕ್ಕೆ. ಕೊನೆಗೆ ಸಂಘಟನೆಗಳ ಒಕ್ಕೂಟವೇ ಆಯಿತು. ಆ ಪಕ್ಷದ ಮಹಿಳಾ ಘಟಕವಾದ ಕಪ್ಪು ಹೆಂಗಸರ ಲೀಗ್, ಭಾರತೀಯ ಕಾಂಗ್ರೆಸ್ಸಿನ ಹೆಂಗಸರು, ಕಲರ್ಡ್ ಸಂಘಟನೆ, ಬಿಳಿಯರ ಕಾಂಗ್ರೆಸ್ ಆಫ್ ಡೆಮಾಕ್ರಾಟ್ಸ್, ಕೆಲವು ಯೂನಿಯನ್‌ಗಳು ಇದರಲ್ಲಿ ಸೇರಿದವು.

ಇದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಪ್ರತಿ ಸಮುದಾಯದ ಹೆಂಗಸರೂ ತಮ್ಮದೇ ಭಾಷೆ, ತಮ್ಮದೇ ಕೇರಿ ಬಿಡದೆ ಕೆಲಸ ಮಾಡಬಹುದಾಯಿತು. ಬಡಾವಣೆಗಳನ್ನು ಬಣ್ಣದ ಮೇಲೆ ಬೇರ್ಪಡಿಸುವ ಕಾನೂನು 1950ರಲ್ಲೇ ಬಂದಿತ್ತು. ವಾರವಾರ ಎಲ್ಲರೂ ಒಂದೆಡೆ ಸೇರುವುದು ಆಗದ ಮಾತು. ಆದರೆ ಒಕ್ಕೂಟಕ್ಕೆ ತನ್ನದೇ ಎಂಬ ಸದಸ್ಯೆಯರು, ತನ್ನದೇ ಎಂಬ ಹಣ ಇರಲಿಲ್ಲ. ಲೀಗ್‌ನ ಸಾವಿರಾರು ಕಪ್ಪು ಹೆಂಗಸರ ಬಲದ ಮೇಲೆಯೇ ಅದು ನಿಂತಿತ್ತು. ಲೀಗ್ ಇದ್ದದ್ದು ಗಂಡಸರ ಪಕ್ಷದ ಅಧೀನದಲ್ಲಿ. ಈ ಗಂಟು ಮುಂದೆ 1958ರಲ್ಲಿ ಬಿಗಿಯಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಸರ್ಕಾರವೂ ಸುಮ್ನೆ ಕೂರಲಿಲ್ಲ. ಒಕ್ಕೂಟ ಹುಟ್ಟಿದ ವರ್ಷದಲ್ಲೇ ರಾಷ್ಟ್ರೀಯ ಕಾರ್ಯದರ್ಶಿ ರೇ ಅಲೆಕ್ಸಾಂಡರ್ ಮೇಲೆ ನಿಷೇಧ ಬಿತ್ತು. ಸಭೆಗೆ ಹೋಗುವಂತಿಲ್ಲ, ಸಂಘಟನೆಯಲ್ಲಿ ಇರುವಂತಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ಹೀಗೆ ಕಿತ್ತು ಹಾಕುತ್ತಿದ್ದರೆ, ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು.

ತಿರುವು: 'ನಮ್ಮನ್ನು ಕರೆಯಲಿಲ್ಲ'

1955ರಲ್ಲಿ ಬಿಳಿಯ ಮಧ್ಯಮವರ್ಗದ ಹೆಂಗಸರ ಒಂದು ಗುಂಪು ಹುಟ್ಟಿತು. ಕಲರ್ಡ್ ಜನರ ಮತದ ಹಕ್ಕನ್ನು ಕಿತ್ತುಕೊಳ್ಳಲು ಸರ್ಕಾರ ಸಂವಿಧಾನವನ್ನೇ ತಿರುಚುತ್ತಿದ್ದಾಗ ಅವರು ಎದ್ದು ನಿಂತರು. ಕಪ್ಪು ಪಟ್ಟಿ ಧರಿಸಿ ಮೌನವಾಗಿ ನಿಲ್ಲುತ್ತಿದ್ದರು. ಅದರಿಂದಲೇ 'ಬ್ಲ್ಯಾಕ್ ಸ್ಯಾಶ್' ಎಂಬ ಹೆಸರು ಬಂತು. ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್, ಅಂದರೆ ಸರ್ಕಾರದ ಮುಖ್ಯ ಕಚೇರಿಯ ಮುಂದೆ ಅವರು ಧರಣಿ ಮಾಡಿದರು. ಅದು ಮೆಚ್ಚಬೇಕಾದ ಕೆಲಸವೇ. ಆದರೆ ಆ ಗುಂಪಿನ ಸದಸ್ಯತ್ವ ಬಿಳಿಯರಿಗೆ ಮಾತ್ರ ಇತ್ತು. ಎಲ್ಲ ಬಣ್ಣದವರಿಗೆ ಬಾಗಿಲು ತೆರೆದದ್ದು 1963ರಲ್ಲಿ.

ಆ ವರ್ಷ ಒಕ್ಕೂಟದ ಒಂದು ಸಭೆಯಲ್ಲಿ ಜೊಹಾನೆಸ್‌ಬರ್ಗ್‌ನ ಪೂರ್ವದ ಗಣಿ ಪಟ್ಟಣಗಳ ಕಡೆಯ ಒಬ್ಬ ಕಪ್ಪು ಹೆಂಗಸು ಎದ್ದಳು. ಆಕೆ ಹೇಳಿದ ಮಾತಿನ ಸಾರ ಇಷ್ಟು: ಬಿಳಿಯ ಹೆಂಗಸರು ಅಲ್ಲಿಗೆ ಹೋದರು, ನಮ್ಮನ್ನು ಕರೆಯಲಿಲ್ಲ. ನಾವೂ ಅಲ್ಲಿಗೇ ಹೋಗೋಣ. ಆದರೆ ನಾವು ಎಲ್ಲರನ್ನೂ ಕರೆಯೋಣ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ದೊಡ್ಡ ತಿರುವು ಇದು. ಕರೆಯದೆ ಬಿಟ್ಟದ್ದಕ್ಕೆ ಮುನಿಸಿಕೊಂಡು 'ನಮ್ಮದು ನಮಗೆ' ಎಂದು ಬೇರೆಯಾಗುವುದು ಸುಲಭವಿತ್ತು. ಅದಕ್ಕೆ ನ್ಯಾಯವಾದ ಕಾರಣವೂ ಇತ್ತು. ಬದಲಿಗೆ ಆಕೆ ಆಹ್ವಾನ ಕೊಡುವ ಅಧಿಕಾರವನ್ನೇ ತನ್ನ ಕೈಗೆ ತೆಗೆದುಕೊಂಡಳು. ಅಲ್ಲಿಂದ ಮುಂದೆ ಬಿಳಿಯರೂ ಭಾರತೀಯರೂ ಬಂದದ್ದು ಕಪ್ಪು ಹೆಂಗಸರ ಕರೆಗೆ ಓಗೊಟ್ಟು. 'ನಿಮಗಾಗಿ ನಾವು ಹೋರಾಡುತ್ತೇವೆ' ಎಂದು ಯಾರೂ ಬರಲಿಲ್ಲ, ಬಂದವರು ಕರೆಸಿಕೊಂಡು ಬಂದರು. ಮೊದಲು ಕೇಳಿದ ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಸಭೆಯಲ್ಲಿ.

ಅಷ್ಟರಲ್ಲಿ, 1955ರ ಸೆಪ್ಟೆಂಬರಿನಲ್ಲಿ, ಸರ್ಕಾರ ಘೋಷಿಸಿತು: 1956ರ ಜನವರಿಯಿಂದ ಆಫ್ರಿಕನ್ ಹೆಂಗಸರಿಗೂ ಪುಸ್ತಕ ಕೊಡುತ್ತೇವೆ.

ಮೊದಲ ಪ್ರಯತ್ನ

1955ರ ಅಕ್ಟೋಬರ್ 27 ಎಂದು ದಿನ ಗೊತ್ತಾಯಿತು. ಗೊತ್ತಾದ ಕೂಡಲೇ ಅಡ್ಡಿಗಳು ಶುರುವಾದವು. ಸಭೆಗೆ ಪ್ರಿಟೋರಿಯಾದ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಬಸ್ಸುಗಳಿಗೆ ಪರವಾನಗಿ ಸಿಗಲಿಲ್ಲ.

ಸಂಘಟಕರು ಮಾಡಿದ್ದು ಇದು. ಸಭೆ ಬೇಡ ಅಂತೀರಾ? ಸರಿ, ಸಭೆ ಮಾಡುವುದಿಲ್ಲ. ಭಾಷಣ ಇಲ್ಲ, ವೇದಿಕೆ ಇಲ್ಲ. ಪ್ರತಿಯೊಬ್ಬ ಹೆಂಗಸೂ ತನ್ನ ಸಹಿ ಇರುವ ಒಂದು ಪ್ರತಿಭಟನಾ ಪತ್ರ ಹಿಡಿದು ಬರುತ್ತಾಳೆ. ಸರ್ಕಾರಿ ಕಚೇರಿಗೆ ಪತ್ರ ಕೊಡಲು ಹೋಗುವ ಒಬ್ಬ ವ್ಯಕ್ತಿಯನ್ನು ಯಾವ ಕಾನೂನು ತಡೆಯುತ್ತದೆ? ಬಸ್ ಇಲ್ಲದಿದ್ದರೆ ರೈಲು ಹತ್ತಿ ಬಂದರು. ಒಂದರಿಂದ ಎರಡು ಸಾವಿರದಷ್ಟು ಹೆಂಗಸರು ಅಂದು ಯೂನಿಯನ್ ಬಿಲ್ಡಿಂಗ್ಸ್ ಮೆಟ್ಟಿಲು ಹತ್ತಿದರು. ಮಂತ್ರಿಗಳು ಸಿಗಲಿಲ್ಲ. ಪತ್ರದ ಕಟ್ಟುಗಳನ್ನು ಅವರ ಕಚೇರಿಗಳಲ್ಲಿ ಬಿಟ್ಟು ಬಂದರು.

ಪತ್ರದ ಈ ಉಪಾಯ ಕಾನೂನಿನಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದು. ಆದರೆ ಅದರಿಂದ ಇನ್ನೊಂದು ಲಾಭವಾಯಿತು. ಗುಂಪಿನಲ್ಲಿ ಬರುವ ಹೆಂಗಸಿಗೆ ಜನರ ಮರೆ ಇರುತ್ತದೆ. ತನ್ನ ಹೆಸರು ಬರೆದು ಸಹಿ ಹಾಕಿದ ಹೆಂಗಸಿಗೆ ಅದಿಲ್ಲ. ಅವಳು ಮನೆಯಲ್ಲಿ ಕೂತು, ಓದಿ, ಇಲ್ಲವೇ ಓದಿಸಿಕೊಂಡು, ಹೌದು ಇದು ನನ್ನ ಮಾತು ಎಂದು ಒಪ್ಪಿ ಬಂದಿರುತ್ತಾಳೆ. ಬಿಳಿಯಳ ಪತ್ರಕ್ಕೂ ಕಪ್ಪು ಹೆಂಗಸಿನ ಪತ್ರಕ್ಕೂ ಅಲ್ಲಿ ಒಂದೇ ತೂಕ.

ವಿನ್‌ಬರ್ಗ್‌ನಲ್ಲಿ ಬಿದ್ದ ಏಟು

ಸರ್ಕಾರ ಜಾಣತನದಿಂದ ಹೆಜ್ಜೆ ಇಟ್ಟಿತು. ಜೊಹಾನೆಸ್‌ಬರ್ಗ್‌ನಲ್ಲಿ ಪುಸ್ತಕ ಹಂಚಲು ಹೋಗಲಿಲ್ಲ. ಸಂಘಟನೆ ತಲುಪದ ಸಣ್ಣ ಊರುಗಳಿಂದ, ತೋಟಗಳಿಂದ ಶುರುಮಾಡಿತು. 1956ರ ಮಾರ್ಚ್‌ನಲ್ಲಿ ಫ್ರೀ ಸ್ಟೇಟ್ ಪ್ರಾಂತ್ಯದ ವಿನ್‌ಬರ್ಗ್ ಎಂಬ ಪುಟ್ಟ ಪಟ್ಟಣದಲ್ಲಿ 1,429 ಹೆಂಗಸರಿಗೆ ಪುಸ್ತಕ ಕೊಟ್ಟಿತು. ಗಲಾಟೆ ಏನೂ ಆಗಲಿಲ್ಲ.

ಸುದ್ದಿ ತಿಳಿದು ಎಂಗೋಯಿ ಮತ್ತಿತರರು ಅಲ್ಲಿಗೆ ಹೋದರು. ಸ್ಥಳೀಯ ಹೆಂಗಸರ ಜೊತೆ ಮಾತಾಡಿದರು. ಏಪ್ರಿಲ್‌ನಲ್ಲಿ ಆ ಹೆಂಗಸರು ಮೆರವಣಿಗೆಯಲ್ಲಿ ಮ್ಯಾಜಿಸ್ಟ್ರೇಟ್ ಕಚೇರಿಗೆ ಹೋಗಿ ಅದರ ಎದುರೇ ಪುಸ್ತಕಗಳನ್ನು ಸುಟ್ಟರು. ಬಂಧನವಾಯಿತು. ಪುಸ್ತಕ ಸುಡುವುದು ಅಪರಾಧ. ಆದರೆ ಪುಸ್ತಕ ತೆಗೆದುಕೊಳ್ಳದೇ ಇರುವುದು ಆಗಿನ್ನೂ ಅಪರಾಧವಾಗಿರಲಿಲ್ಲ. ಈ ವ್ಯತ್ಯಾಸ ತಿಳಿಸಿ ಹೇಳಲು ಮೊದಲೇ ಅಲ್ಲಿಗೆ ಯಾರೂ ತಲುಪಿರಲಿಲ್ಲ.

ಇಲ್ಲಿ ಒಕ್ಕೂಟದ ದೌರ್ಬಲ್ಯ ಎದ್ದು ಕಾಣುತ್ತದೆ. ನಗರದ ಕಾರ್ಖಾನೆಗಳಲ್ಲಿ, ಕೇರಿಗಳಲ್ಲಿ ಗಟ್ಟಿಯಾಗಿತ್ತು. ಹಳ್ಳಿಯಲ್ಲಿ, ಬಿಳಿಯರ ತೋಟದಲ್ಲಿ ದುಡಿಯುವ ಹೆಂಗಸಿನ ಹತ್ತಿರ ಅದರ ಕೈ ಚಾಚಿರಲಿಲ್ಲ. ಮಾಲೀಕನ ಜಮೀನಿನಲ್ಲೇ ಗುಡಿಸಲು ಹಾಕಿಕೊಂಡವಳು ಇಲ್ಲ ಎನ್ನುವುದು ಹೇಗೆ? ಬಣ್ಣದ ಗೋಡೆ ದಾಟಿದವರಿಗೆ ನಗರ ಮತ್ತು ಹಳ್ಳಿಯ ನಡುವಿನ ದೂರ ದಾಟುವುದು ಕಷ್ಟವಾಯಿತು.

ಆಗಸ್ಟ್ 9

ವಿನ್‌ಬರ್ಗ್ ಆದ ಮೇಲೆ ದೊಡ್ಡ ಮೆರವಣಿಗೆಯ ತಯಾರಿ ಶುರುವಾಯಿತು. ಜೋಸೆಫ್ ಸಂಗಡಿಗರ ಜೊತೆ ಊರೂರು ಸುತ್ತಿದರು. ಮನವಿ ಪತ್ರ ಅಚ್ಚಾಯಿತು, ಸಹಿ ಸಂಗ್ರಹವಾಯಿತು.

ದಿನದ ಆಯ್ಕೆಯಲ್ಲೇ ಯೋಚನೆ ಇತ್ತು. ಆಗಸ್ಟ್ 9 ಗುರುವಾರ. ಬಿಳಿಯರ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆ ವಾಡಿಕೆಯಂತೆ ರಜೆ ಸಿಗುತ್ತಿದ್ದದ್ದು ಗುರುವಾರ. ಸಂಘಟಕರು ಭಾನುವಾರ ಇಟ್ಟಿದ್ದರೆ ಓದಿದವರಿಗೆ, ಕಚೇರಿಯವರಿಗೆ ಅನುಕೂಲವಾಗುತ್ತಿತ್ತು. ಮನೆಕೆಲಸದವರು ಬರುತ್ತಿರಲಿಲ್ಲ. ಕೆಲವರು ತಾವು ನೋಡಿಕೊಳ್ಳುವ ಬಿಳಿಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದರು.

ಅಂದು ಪ್ರಿಟೋರಿಯಾದಲ್ಲಿ ಮೆರವಣಿಗೆಗೆ ನಿಷೇಧ ಹಾಕಿದರು. ಹಾಗಾಗಿ ಹೆಂಗಸರು ಇಬ್ಬಿಬ್ಬರು, ಮೂವರು ಮೂವರಾಗಿ ನಡೆದರು. ಇಬ್ಬರು ಸೇರಿ ನಡೆದರೆ ಅದು ಮೆರವಣಿಗೆ ಅಲ್ಲ, ಅಲ್ವಾ? ಗಂಟೆಗಟ್ಟಲೆ ಹೀಗೆ ಬರುತ್ತಲೇ ಇದ್ದರು. ಕೇಪ್ ಟೌನ್, ಪೋರ್ಟ್ ಎಲಿಜಬೆತ್‌ನಿಂದ ನೂರಾರು ಮೈಲಿ ರೈಲಿನಲ್ಲಿ ಬಂದವರಿದ್ದರು. ಹಸಿರು ಕಪ್ಪು ರವಿಕೆ ತೊಟ್ಟವರು, ಸೀರೆ ಉಟ್ಟವರು, ಬುಡಕಟ್ಟಿನ ಉಡುಗೆಯವರು ಎಲ್ಲರೂ ಇದ್ದರು. ತುಂಬು ಗರ್ಭಿಣಿ ರಹೀಮಾ ಮೂಸಾ ಕೂಡ. ಸಂಘಟಕರ ಲೆಕ್ಕ 20,000. ಅದಕ್ಕಿಂತ ಕಡಿಮೆ ಅಂದಾಜು ಮಾಡಿದವರೂ ಇದ್ದಾರೆ. ಆ ದೇಶದಲ್ಲಿ ಅಲ್ಲಿಯವರೆಗೆ ಹೆಂಗಸರು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರಿರಲಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ.

ಮನವಿಯಲ್ಲಿ ಬರೆದಿದ್ದನ್ನು ಗಮನಿಸಬೇಕು. ಪಾಸ್ ಇಲ್ಲವೆಂದು ತಾಯಿಯನ್ನು ಹಿಡಿದೊಯ್ದರೆ ಮನೆ ಒಡೆಯುತ್ತದೆ, ಮಕ್ಕಳು ದಿಕ್ಕಿಲ್ಲದಂತಾಗುತ್ತಾರೆ, ಪಾಸ್ ಹುಡುಕುವ ನೆಪದಲ್ಲಿ ಪೊಲೀಸರು ಹೆಣ್ಣುಮಕ್ಕಳ ಮಾನ ಕಳೆಯುತ್ತಾರೆ ಎಂದಿತ್ತು. ತಾವು ಎಲ್ಲ ಜನಾಂಗದ ಹೆಂಗಸರು ಎಂದು ಅದರಲ್ಲಿ ಹೇಳಿಕೊಂಡಿದ್ದರು. ಆದರೆ ನಮಗೆಲ್ಲರಿಗೂ ಒಂದೇ ನೋವು ಎಂದು ಸುಳ್ಳು ಹೇಳಲಿಲ್ಲ. ಏಟು ಬೀಳುತ್ತಿರುವುದು ಆಫ್ರಿಕನ್ ಹೆಂಗಸಿಗೆ ಎಂದು ತಿಳಿಯಾಗಿ ಬರೆದು, ಉಳಿದವರು ಅದರ ಕೆಳಗೆ ಸಹಿ ಹಾಕಿದರು. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾದದ್ದು.

ಎಂಗೋಯಿ, ಜೋಸೆಫ್, ಮೂಸಾ, ವಿಲಿಯಮ್ಸ್ ಮತ್ತು ಇನ್ನು ಕೆಲವರು ಪತ್ರದ ರಾಶಿ ಹೊತ್ತು ಪ್ರಧಾನಿ ಸ್ಟ್ರೈಡಮ್ ಕಚೇರಿಗೆ ಹೋದರು. ಪ್ರಧಾನಿ ಸಿಗಲಿಲ್ಲ. ಪತ್ರಗಳನ್ನು ಅಲ್ಲೇ ಬಿಟ್ಟು ಹೊರಬಂದರು. ಆಮೇಲೆ ಅಷ್ಟೂ ಹೆಂಗಸರು ಅರ್ಧ ಗಂಟೆ ಮಾತಿಲ್ಲದೆ ನಿಂತರು. ಮಕ್ಕಳೂ ಅಳಲಿಲ್ಲ ಎಂದು ಕಂಡವರು ಬರೆದಿದ್ದಾರೆ. ಅದು ಮುಗಿದ ಮೇಲೆ ಹಾಡಿದರು, ಬಂದಂತೆಯೇ ಚದುರಿ ಹೋದರು. ಒಂದು ಕಲ್ಲೂ ಬೀಳಲಿಲ್ಲ.

ಆಮೇಲೆ ಏನಾಯಿತು

ಆ ವರ್ಷದ ಡಿಸೆಂಬರಿನಲ್ಲಿ 156 ಜನರ ಮೇಲೆ ದೇಶದ್ರೋಹದ ಆರೋಪ ಬಿತ್ತು. ಎಂಗೋಯಿ, ಜೋಸೆಫ್ ಇಬ್ಬರೂ ಅದರಲ್ಲಿದ್ದರು. ಕೇಸು 1961ರ ಮಾರ್ಚ್‌ವರೆಗೆ ಎಳೆಯಿತು. ಕೊನೆಗೆ ಖುಲಾಸೆ. ಆದರೆ ಸಂಘಟನೆಯ ಮುಖ್ಯರು ವರ್ಷಗಟ್ಟಲೆ ಕೋರ್ಟಿನ ಬೆಂಚಿನ ಮೇಲೆ ಕಳೆದರು. ಸರ್ಕಾರಕ್ಕೆ ಬೇಕಾಗಿದ್ದೂ ಅದೇ.

ಪುಸ್ತಕ ಹಂಚುವುದು ನಿಲ್ಲಲಿಲ್ಲ. ನರ್ಸ್‌ಗಳ ನೋಂದಣಿಗೆ ಗುರುತಿನ ಸಂಖ್ಯೆ ಬೇಕು ಎಂದರು. ನರ್ಸ್‌ಗಳು ಪ್ರತಿಭಟಿಸಿದರು. 1958ರ ಅಕ್ಟೋಬರಿನಲ್ಲಿ ಕೊನೆಗೂ ಜೊಹಾನೆಸ್‌ಬರ್ಗ್‌ಗೆ ಸರದಿ ಬಂತು. ಹೆಂಗಸರು ತಂಡ ತಂಡವಾಗಿ ಬಂದು ಬಂಧನಕ್ಕೆ ಒಳಗಾದರು. ಸುಮಾರು 2,000 ಜನ. ಜೈಲುಗಳು ತುಂಬಿದವು.

ಹೆಂಗಸರ ಯೋಜನೆ ಸರಳವಾಗಿತ್ತು. ಜಾಮೀನು ಬೇಡ, ದಂಡ ಕಟ್ಟುವುದು ಬೇಡ. ಜೈಲಿನಲ್ಲೇ ಕೂರೋಣ. ಮನೆಕೆಲಸಕ್ಕೆ ಹೆಂಗಸರಿಲ್ಲದೆ ನಗರ ಹೇಗೆ ನಡೆಯುತ್ತದೋ ನೋಡೋಣ. ಆದರೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಗಂಡಸರ ನಾಯಕತ್ವ ಬೇರೆ ತೀರ್ಮಾನ ಮಾಡಿತು: ಜಾಮೀನು ಕೊಟ್ಟು, ದಂಡ ಕಟ್ಟಿ ಅವರನ್ನು ಬಿಡಿಸಿ. ಮನೆಯಲ್ಲಿ ಮಕ್ಕಳಿದ್ದಾರೆ, ದೀರ್ಘಕಾಲದ ಜೈಲುವಾಸಕ್ಕೆ ತಯಾರಿ ಆಗಿಲ್ಲ ಎಂಬ ವಾದ ಅವರದು. ಆ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಜೈಲಿನೊಳಗೆ ಕೂತವರ ಇಚ್ಛೆ ಬೇರೆ ಇತ್ತು. ಒಕ್ಕೂಟ ಮಣಿಯಬೇಕಾಯಿತು. ಯಾಕೆಂದರೆ 1954ರಲ್ಲಿ ಮಾಡಿಕೊಂಡ ವ್ಯವಸ್ಥೆಯ ಪ್ರಕಾರ ಅಷ್ಟು ಜನ ಹೆಂಗಸರು ಒಕ್ಕೂಟದವರಲ್ಲ, ಲೀಗಿನವರು. ಲೀಗಿನ ಮೇಲೆ ಕೊನೆಯ ಮಾತು ಪಕ್ಷದ್ದು.

ಹೋರಾಟದ ಬೆನ್ನು ಮುರಿದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಈ ವಾರಗಳನ್ನು ತೋರಿಸುತ್ತೇನೆ. ಬಣ್ಣದ ಗೋಡೆ ದಾಟಿ ಸೇರಿದ ಹೆಂಗಸರನ್ನು ಸರ್ಕಾರ ಒಡೆಯಲು ನೋಡಿತು, ಆಗಲಿಲ್ಲ. ಒಡಕು ಬಂದದ್ದು ತಮ್ಮದೇ ಪಾಳಯದ ಗಂಡಸರ ತೀರ್ಮಾನದಿಂದ. ಅದೇ ವರ್ಷ ಕೇಪ್ ಟೌನ್ ಕಡೆ ಬ್ಲ್ಯಾಕ್ ಸ್ಯಾಶ್‌ನ ಬಿಳಿಯ ಹೆಂಗಸರು ಪಾಸ್ ಕೇಸಿನಲ್ಲಿ ಸಿಕ್ಕ ಹೆಂಗಸರಿಗಾಗಿ ಜಾಮೀನು ನಿಧಿ ತೆರೆದರು. ಅದು ಮುಂದೆ ವರ್ಷಾನುಗಟ್ಟಲೆ ನಡೆದ ಕಾನೂನು ಸಲಹಾ ಕಚೇರಿಯಾಯಿತು. ಜೊಹಾನೆಸ್‌ಬರ್ಗ್‌ನ ಹೆಂಗಸರು ಬೇಡವೆಂದ ಜಾಮೀನೇ ಇನ್ನೊಂದು ಊರಿನಲ್ಲಿ ಒಬ್ಬೊಂಟಿ ತಾಯಂದಿರಿಗೆ ನಿಜವಾದ ಆಸರೆ ಆಯಿತು. ಎರಡೂ ಸರಿ. ಸಾಮೂಹಿಕವಾಗಿ ಜೈಲಿಗೆ ಹೋದವಳಿಗೂ, ಬೀದಿಯಲ್ಲಿ ಒಬ್ಬಳೇ ಸಿಕ್ಕಿಬಿದ್ದವಳಿಗೂ ಬೇಕಾದದ್ದು ಒಂದೇ ಅಲ್ಲ.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನಿಷೇಧವಾಯಿತು. ಅದರ ಜೊತೆ ಲೀಗ್ ಹೋಯಿತು, ಒಕ್ಕೂಟದ ಜೀವವೂ ಹೋಯಿತು. 1962ರಲ್ಲಿ ಜೋಸೆಫ್ ಅವರನ್ನು ಗೃಹಬಂಧನದಲ್ಲಿಟ್ಟರು, ಆ ದೇಶದಲ್ಲಿ ಅಂಥ ಶಿಕ್ಷೆ ಪಡೆದ ಮೊದಲಿಗರು ಅವರು. ಎಂಗೋಯಿ ಅವರನ್ನು ಜೊಹಾನೆಸ್‌ಬರ್ಗ್ ಬಳಿಯ ಒರ್ಲಾಂಡೋದ ಮನೆಗೆ ಕಟ್ಟಿಹಾಕಿದರು. ಹೊಲಿಗೆ ಮಾಡಿ ಹೊಟ್ಟೆ ಹೊರೆಯುತ್ತ 1980ರಲ್ಲಿ ತೀರಿಕೊಂಡರು. 1963ರ ಫೆಬ್ರವರಿ 1ರಿಂದ ಆಫ್ರಿಕನ್ ಹೆಂಗಸರಿಗೆ ಪಾಸ್ ಕಡ್ಡಾಯವಾಯಿತು.

ಕಲಿಯಬೇಕಾದದ್ದು

ಹಾಗಾದರೆ ಸೋತರೇ? ಪಾಸ್ ತಡೆಯುವುದೇ ಗುರಿಯಾಗಿದ್ದರೆ, ಹೌದು, ಸೋತರು. ಇದನ್ನು ಮುಚ್ಚಿಟ್ಟು ಆಗಸ್ಟ್ 9ನ್ನು ಬರೀ ವಿಜಯದ ದಿನ ಎಂದು ಹೇಳುವುದು ಆ ಹೆಂಗಸರಿಗೆ ಮಾಡುವ ಗೌರವವಲ್ಲ. ಆದರೆ 1952ರ ಕಾನೂನು ಹೆಂಗಸರಿಗೆ ಪೂರ್ತಿ ತಟ್ಟಲು ಹನ್ನೊಂದು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ನಗರದಲ್ಲಿ ಒಟ್ಟಿಗೆ ಇರಲು ಸಾಧ್ಯವಾಯಿತು. ಪಾಸ್ ಕಾನೂನು 1986ರಲ್ಲಿ ರದ್ದಾಯಿತು.

ಸಂಘಟನೆ ಕಟ್ಟುವವರಿಗೆ ನಾನು ಮುಖ್ಯವಾಗಿ ತೋರಿಸುವುದು ಕೆಲಸದ ಹಂಚಿಕೆಯನ್ನು. ಮುಂದೆ ನಿಂತವರು ಕಾನೂನಿನ ಏಟು ತಿನ್ನುವವರು. ಕಾರು, ಟೈಪ್ ಮಾಡುವ ಕೌಶಲ, ಪ್ರಯಾಣದ ಸ್ವಾತಂತ್ರ್ಯ ಇದ್ದವರು ಅದನ್ನು ತಂದು ಮೇಜಿನ ಮೇಲಿಟ್ಟರು. ಸವಲತ್ತು ಇರುವವರು ಅದನ್ನು ಅಲ್ಲಗಳೆಯಲಿಲ್ಲ, ಅದಕ್ಕಾಗಿ ನಾಚಿಕೊಂಡು ಹಿಂದೆಯೂ ಕೂರಲಿಲ್ಲ, ಬಳಸಿದರು. ಹಾಗೆ ಬಳಸಿದ್ದಕ್ಕೆ ಜೋಸೆಫ್ ಬೆಲೆಯನ್ನೂ ತೆತ್ತರು.

ಇನ್ನೊಂದನ್ನೂ ಹೇಳಲೇಬೇಕು. ಒಕ್ಕೂಟದಲ್ಲಿ ಬಿಳಿಯ ಹೆಂಗಸರು ಬೆರಳೆಣಿಕೆಯಷ್ಟು. ಭಾರತೀಯ, ಕಲರ್ಡ್ ಹೆಂಗಸರೂ ತಮ್ಮ ಸಮುದಾಯಗಳ ದೊಡ್ಡ ಭಾಗವನ್ನು ಕರೆತಂದಿರಲಿಲ್ಲ. ಆಗಸ್ಟ್ 9ರ ಆ ಸಮುದ್ರದಲ್ಲಿ ಹೆಚ್ಚಿನವರು ಕಪ್ಪು ಹೆಂಗಸರೇ. ಆದರೂ ಆ ಕೆಲವರ ಹಾಜರಿಗೆ ಬೆಲೆ ಇತ್ತು. ಬಣ್ಣ ಬಣ್ಣದವರು ಬೇರೆ ಬೇರೆಯಾಗಿಯೇ ಬದುಕಬೇಕು ಎಂಬುದು ಸರ್ಕಾರದ ಇಡೀ ವಾದದ ಅಡಿಪಾಯ. ಅದರ ಕಚೇರಿಯ ಮೆಟ್ಟಿಲ ಮೇಲೆ ನಾಲ್ಕು ಬಣ್ಣದವರು ಒಂದೇ ಕಾಗದ ಹಿಡಿದು ನಿಂತದ್ದು ಆ ಅಡಿಪಾಯಕ್ಕೇ ಕೊಟ್ಟ ಏಟು.

ಹಣ ಮತ್ತು ಸದಸ್ಯತ್ವ ಯಾರ ಕೈಯಲ್ಲಿದೆಯೋ ಸಂಕಟದ ದಿನ ತೀರ್ಮಾನ ಅವರದೇ ಆಗುತ್ತದೆ ಎಂಬುದು 1958 ಕಲಿಸಿದ ಪಾಠ. ಇಂದು ಯಾವುದೇ ಮಹಿಳಾ ಸಂಘಟನೆ ದೊಡ್ಡ ಪಕ್ಷದ ಅಥವಾ ಯೂನಿಯನ್ನಿನ ನೆರಳಿನಲ್ಲಿ ಕೆಲಸ ಮಾಡುತ್ತಿದ್ದರೆ, ಜಾಮೀನಿನ ಪ್ರಶ್ನೆ ಬರುವ ಮೊದಲೇ ಇದನ್ನು ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು.

1954ರ ಸನ್ನದಿನ ಉಳಿದ ಬೇಡಿಕೆಗಳು ಇನ್ನೂ ನಿಧಾನವಾಗಿ ಬಂದವು. 1994ರಲ್ಲಿ ಎಲ್ಲರಿಗೂ ಮತ ಸಿಕ್ಕಿತು. 1995ರಿಂದ ಆಗಸ್ಟ್ 9 ಅಲ್ಲಿ ರಾಷ್ಟ್ರೀಯ ಮಹಿಳಾ ದಿನ, ಸರ್ಕಾರಿ ರಜೆ. ಮದುವೆ ಮತ್ತು ಆಸ್ತಿಯ ಬೇಡಿಕೆ ಮಾತ್ರ ಇನ್ನೂ ಕಾಯಿತು. ಸಂಪ್ರದಾಯದಂತೆ ಮದುವೆಯಾದ ಕಪ್ಪು ಹೆಂಗಸಿಗೆ ಗಂಡನಷ್ಟೇ ಹಕ್ಕು ಕೊಟ್ಟ ಕಾಯ್ದೆ 1998ರಲ್ಲಿ ಅಂಗೀಕಾರವಾಗಿ, 2000ದ ನವೆಂಬರ್ 15ರಿಂದ ಜಾರಿಗೆ ಬಂತು. ಟ್ರೇಡ್ಸ್ ಹಾಲ್‌ನಲ್ಲಿ ಅದನ್ನು ಕೇಳಿ ಆಗ ನಲವತ್ತಾರು ವರ್ಷ ಕಳೆದಿತ್ತು.